ಕೊಂಬಿನ ಟೋಪಿಯ ದುರುಗ

ಕಾಳಪ್ಪನಿಗೆ ಕೆಂಪು ಬೇರೆ, ಹಸಿರು ಬೇರೆ ಎಂದು ಕಾಣುತ್ತಿರಲಿಲ್ಲ. ಎರಡೂ ಅವನ ಕಣ್ಣಿಗೆ ಒಂದೇ ಮಣ್ಣುಬಣ್ಣ. ಒಮ್ಮೊಮ್ಮೆ ಒಂದು ಸ್ವಲ್ಪ ಗಾಢ, ಇನ್ನೊಂದು ಸ್ವಲ್ಪ ತೆಳು, ಅಷ್ಟೇ. ಎಮ್ಮಿಗನೂರಿನಲ್ಲಿ ಚಿಕ್ಕವನಿದ್ದಾಗ ಹಣ್ಣು ಮೆಣಸಿನಕಾಯಿ ಬಿಡಿಸಲು ಕಳಿಸಿದರೆ ಹಸಿಕಾಯಿಯನ್ನೂ ಕಿತ್ತು ತಂದು ಬೈಸಿಕೊಳ್ಳುತ್ತಿದ್ದ. ಮನೆಯವರು ಅದನ್ನು ಮೈಗಳ್ಳತನ ಎಂದುಕೊಂಡರು. ಅವನೂ ಹಾಗೆಯೇ ನಂಬಿದ್ದ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗ ಸೇರಿದ ಮೇಲೆ, ವೈರುಗಳ ಬಣ್ಣ ಹೇಳಿಕೊಟ್ಟ ದಿನ, ತನ್ನಲ್ಲಿ ಏನಿಲ್ಲ ಎಂಬುದು ಅವನಿಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ. ಟೆಸ್ಟರ್ ಹಚ್ಚಿ ನೋಡುತ್ತ, ಪಕ್ಕದವನ ಕೈ ನೋಡುತ್ತ ಕೋರ್ಸು ಮುಗಿಸಿದ.

1998ರ ಆರಂಭದಲ್ಲಿ ರೈಲ್ವೆಯ ಸಹಾಯಕ ಚಾಲಕ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಪಾಸಾದ. ಅರ್ಜಿ ತಂದುಕೊಟ್ಟವನು ಅಣ್ಣ ಉಚ್ಚೆಂಗಪ್ಪ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಹಾಗಾಗಿ ಕಾಳಪ್ಪ ತುಂಬಿ ಕಳಿಸಿದ್ದ. ಇನ್ನು ಉಳಿದದ್ದು ವೈದ್ಯಕೀಯ ಪರೀಕ್ಷೆ. ಅದಕ್ಕೆ ಮಾರ್ಚಿನಲ್ಲಿ ಕರೆ ಬರುವುದಿತ್ತು.

ಅಪ್ಪ ಸತ್ತ ವರ್ಷ ಆ ಮನೆಯಲ್ಲಿ ಒಂದು ನಿರ್ಧಾರವಾಗಿತ್ತು. ಇಬ್ಬರನ್ನೂ ಓದಿಸಲು ಆಗುವುದಿಲ್ಲ, ಒಬ್ಬನನ್ನು ಗಟ್ಟಿ ಮಾಡೋಣ. ಉಚ್ಚೆಂಗಪ್ಪ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬು ಕಡಿಯಲು ಹೋದ. ತಾಯಿ ಹೊಳೆಮ್ಮ ಕೋಳಿಯಿಟ್ಟ ಮೊಟ್ಟೆಯನ್ನು ಕಾಳಪ್ಪನ ತಟ್ಟೆಗೇ ಹಾಕಿದಳು. ಹಬ್ಬಕ್ಕೆ ಹೊಸ ಅಂಗಿ ಅವನಿಗೆ, ಚರ್ಮದ ಬೂಟು ಅವನಿಗೆ. ಉಚ್ಚೆಂಗಪ್ಪ ಬರಿಗಾಲಲ್ಲೇ ಹೊಲಕ್ಕೆ ಹೋಗುತ್ತಿದ್ದ. ಇದರ ಬಗ್ಗೆ ಆ ಮನೆಯಲ್ಲಿ ಯಾರೂ ಗೊಣಗಿದ್ದಿಲ್ಲ.

ಕರೆ ಬರುವ ತನಕ ಕಾಳಪ್ಪ ಹೊಸಪೇಟೆಯಲ್ಲಿ ಒಂದು ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಜಂಬಯ್ಯನ ಹತ್ತಿರ ಹೋಗುತ್ತಿದ್ದ. ಇಬ್ಬರೂ ಸರ್ಕಾರಿ ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದವರು. ಜಂಬಯ್ಯ ಈಗ ಸೈಕಲ್ ಅಂಗಡಿಯ ಮೇಲಿನ ಮಹಡಿಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಮಾಲೀಕ ಊಟಕ್ಕೆ ಹೋಗಿ ಮಲಗಿ ಏಳುವಷ್ಟು ಹೊತ್ತು ಸೆಂಟರ್ ಖಾಲಿ. ಬಣ್ಣದ ಪರದೆ ಇದ್ದ ಒಂದೇ ಯಂತ್ರದಲ್ಲಿ ಇಬ್ಬರೂ ಯುದ್ಧದ ಆಟ ಆಡುತ್ತಿದ್ದರು.

ಆಟ ಚೌಕಾಬಾರದ ಹಾಗೆ ಮನೆಗಳ ಮೇಲೆ ನಡೆಯುತ್ತಿತ್ತು. ಐದು ಜನರ ಪಡೆ. ಒಬ್ಬೊಬ್ಬನನ್ನೂ ಸರದಿಯಂತೆ ನಡೆಸಬೇಕು. ನಮ್ಮವರು ನಿಂತ ಮನೆ ಹಸಿರು, ಶತ್ರು ನಿಂತ ಮನೆ ಕೆಂಪು. ಗೆದ್ದ ಪ್ರತಿ ಯುದ್ಧಕ್ಕೂ ಒಂದಿಷ್ಟು ಅಂಕ ಸಿಗುತ್ತಿತ್ತು. ಅದನ್ನು ಯಾರ ತೋಳಬಲಕ್ಕೆ, ಯಾರ ಓಟಕ್ಕೆ, ಯಾರ ತಾಳಿಕೆಗೆ ಹಾಕಬೇಕೆಂದು ಆಡುವವನೇ ತೀರ್ಮಾನಿಸಬೇಕು. ಸತ್ತ ಶತ್ರುವಿನ ಕತ್ತಿ, ಗುರಾಣಿ, ಬೂಟುಗಳನ್ನು ಯಾರಿಗೆ ತೊಡಿಸಬೇಕೆಂಬುದೂ ಅಷ್ಟೇ. ಸೋತರೆ ಹಿಂದಿನ ಹಂತ ತೆರೆದು ಮತ್ತೆ ಆಡಲು ದಾರಿಯಿತ್ತು. ಅದು ಹೇಡಿಗಳ ಆಟ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಸತ್ತವನು ಸತ್ತ.

ಆ ಐದು ಜನರಲ್ಲಿ ಕಾಳಪ್ಪನಿಗೆ ಬೇಕಾದವನು ಒಬ್ಬನೇ. ಈಟಿ ಹಿಡಿದ ಗಿಡ್ಡ ಆಳು. ಅವನಿಗೆ ದುರುಗ ಎಂದು ಹೆಸರಿಟ್ಟ. ಮೊದಲ ಯುದ್ಧದಲ್ಲಿ ದುರುಗ ಎರಡೇಟಿಗೆ ಬೀಳುವಂತಿದ್ದ. ಕಾಳಪ್ಪ ಬಂದ ಅಂಕವನ್ನೆಲ್ಲ ಅವನ ತಾಳಿಕೆಗೆ ಹಾಕಿದ. ಬಿಲ್ಲುಗಾರನ ಕೈಯಿಂದ ಬೆಳ್ಳಿಯ ಉಂಗುರ ಬಿಚ್ಚಿ ಇವನಿಗೆ ಕೊಟ್ಟ. ಕತ್ತಿಯವನ ಎದೆಗವಚ ಇವನಿಗೆ. ಕೆಸರಿನಲ್ಲೂ ಓಡಬಲ್ಲ ಬೂಟು ಸಿಕ್ಕಿತು, ಅದೂ ಇವನಿಗೆ. ಮುಂದಿನ ಯುದ್ಧದಲ್ಲಿ ಬರಿಮೈಯ ಬಿಲ್ಲುಗಾರ ಸತ್ತ. ಅದರ ಮುಂದಿನದರಲ್ಲಿ ಕತ್ತಿಯವನು ಸತ್ತ. ದುರುಗ ಮಾತ್ರ ಒಬ್ಬನೇ ಸೇತುವೆ ಕಾಯುವಷ್ಟು ಬಲಿತ.

"ಲೇ, ಉಳಿದವರನ್ನ ಉಪವಾಸ ಕೆಡವಿ ಒಬ್ಬನ್ನ ಮೇಯಸಾಕ ಹತ್ತೀಯಲ್ಲ," ಎಂದ ಜಂಬಯ್ಯ.

"ಒಬ್ಬ ಗಟ್ಟಿ ಇದ್ರ ಎಲ್ಲಾರ್ನೂ ದಡಾ ಹಚ್ತಾನ."

"ದಡಾ ಹಚ್ಚಾಕ ಯಾರು ಉಳದಾರ? ಮದ್ದು ಹಾಕಾಕಿ ಒಬ್ಬಾಕಿ, ಕುಂಟ ಕುದುರಿಯವ ಒಬ್ಬ."

ದುರುಗನ ತಲೆಗೆ ಎರಡು ಕೊಂಬಿನ ಟೋಪಿ ಇತ್ತು. ಮೊದಲನೆಯ ಯುದ್ಧದಲ್ಲೇ ಸಿಕ್ಕ ಅಗ್ಗದ ಚರ್ಮದ ಟೋಪಿ. ಆಮೇಲೆ ಒಳ್ಳೊಳ್ಳೆ ಕಬ್ಬಿಣದವು ಸಿಕ್ಕರೂ ಕಾಳಪ್ಪ ಅದನ್ನು ತೆಗೆಯಲಿಲ್ಲ.

"ಅದನ್ನ ತಗದು ಒಗಿಯೋ ಮಾರಾಯ. ಇದು ಹಾಕು, ಎರಡು ಪಟ್ಟು ಏಟು ತಡೀತೈತಿ."

"ಬ್ಯಾಡ. ಇದ ಇರ್ಲಿ."

"ಯಾಕ, ಮೆರವಣಿಗಿ ಮಾಡಿಸ್ತೀಯೇನು? ಎತ್ತಿಗೆ ಕೊಂಬಣಸು ಹಾಕಿದಂಗ ಕಾಣ್ತಾನ."

ಕಾಳಪ್ಪ ನಕ್ಕ. ಗುಂಪಿನಲ್ಲಿ ತನ್ನವನು ಯಾರು ಎಂದು ಅವನಿಗೆ ಗುರುತು ಸಿಗುತ್ತಿದ್ದದ್ದೇ ಆ ಕೊಂಬಿನಿಂದ. ಉಳಿದವರನ್ನೂ ಅವನು ಹಾಗೇ ಗುರುತಿಟ್ಟುಕೊಂಡಿದ್ದ. ಮದ್ದಿನವಳಿಗೆ ಉದ್ದ ಲಂಗ, ಇನ್ನೊಬ್ಬನಿಗೆ ಕುದುರೆ. ಶತ್ರುಗಳೆಲ್ಲ ಬೋಡುತಲೆಯವರು.

ಫೆಬ್ರವರಿಯ ಕೊನೆಯಲ್ಲಿ ಒಂದು ಕೋಟೆಯ ಯುದ್ಧ ಬಂತು. ಬಾಗಿಲು ತೆರೆದಾಗ ಒಳಗಿದ್ದ ಕಾವಲುಗಾರರ ತಲೆಯ ಮೇಲೂ ಕೊಂಬಿನ ಟೋಪಿಗಳಿದ್ದವು.

ಕಾಳಪ್ಪನ ಕೈ ನಿಧಾನವಾಯಿತು. ದುರುಗ ಮೂರು ಜನರ ನಡುವೆ ಸಿಕ್ಕಿಬಿದ್ದು ಅರ್ಧ ಜೀವವಾಗಿದ್ದ. ಮದ್ದಿನವಳ ಸರದಿ. ಅವಳ ಬಳಿ ಒಂದೇ ಒಂದು ಮದ್ದು ಉಳಿದಿತ್ತು. ಕಾಳಪ್ಪ ಪರದೆಗೆ ಮುಖ ಹತ್ತಿರ ತಂದು ನೋಡಿ, ಕೊಂಬಿನವನೊಬ್ಬನನ್ನು ಆರಿಸಿ ಒತ್ತಿದ. ಮದ್ದು ಶತ್ರುವಿಗೆ ಹೋಯಿತು. ಚೇತರಿಸಿಕೊಂಡ ಶತ್ರು ದುರುಗನನ್ನು ಕೊಡಲಿಯಿಂದ ಹೊಡೆದು ಕೆಡವಿದ.

"ಲೇ ಹುಚ್ಚ! ಯಾರಿಗೆ ಹಾಕ್ದಿ? ಅವ ಕೆಂಪು ಮನಿಯಾಗ ನಿಂತಾನಲ್ಲೋ!"

"ಯಾವುದು ಕೆಂಪು?"

ಜಂಬಯ್ಯ ತಮಾಷೆ ಎಂದುಕೊಂಡು ನಕ್ಕ. ಕಾಳಪ್ಪ ನಗಲಿಲ್ಲ. ಜಂಬಯ್ಯ ಆಟ ಮುಚ್ಚಿ, ಚಿತ್ರ ಬಿಡಿಸುವ ಪ್ರೋಗ್ರಾಂ ತೆರೆದು, ಪರದೆಗೆಲ್ಲ ಹಸಿರು ಬಳಿದು ನಡುವೆ ಒಂದು ಕೆಂಪು ವೃತ್ತ ಬರೆದ.

"ಏನು ಕಾಣ್ತೈತಿ?"

"ಬಣ್ಣ ಬಳದೀ."

"ನಡುವ?"

ಕಾಳಪ್ಪ ಬಹಳ ಹೊತ್ತು ನೋಡಿದ. "ಏನರೆ ಐತೇನು?"

ಜಂಬಯ್ಯ ಯಂತ್ರ ಆರಿಸಿದ. "ಡಾಕ್ಟರು ಮೊದಲು ಇದನ್ನ ನೋಡ್ತಾರಲೇ."

"ಸಿಗ್ನಲ್ ನಾನು ಜಾಗದ ಮ್ಯಾಲ ಹೇಳ್ತೀನಿ. ಕೆಂಪು ಕೆಳಗ, ಹಸಿರು ಮ್ಯಾಲ. ಸ್ಟೇಷನ್ ಹತ್ರ ನಿಂತು ಕಲ್ತೀನಿ."

"ಮಂಜು ಮುಚ್ಚಿ ಕಂಬ ಕಾಣದಂಗಾದ್ರ? ಒಂದ ದೀಪ ಕಾಣ್ತೈತಿ. ಅದು ಮ್ಯಾಲಿಂದೋ ಕೆಳಗಿಂದೋ?"

ಕಾಳಪ್ಪ ಆರಿದ ಪರದೆಯನ್ನು ಅಂಗೈಯಿಂದ ಒರೆಸಿದ.

"ಅಣ್ಣಗ ಹೇಳಿಬಿಡು. ಬೇರೆ ಕೆಲಸ ನೋಡಿದ್ರಾತು."

"ಅವ ನನ್ನ ಸಲುವಾಗಿ ಶಾಲಿ ಬಿಟ್ಟಾನ. ಅವಗ ಏನಂತ ಹೇಳ್ಲಿ? ನಿನ್ನ ದುಡಿಮಿ ಎಲ್ಲ ಕುರುಡನ ಮ್ಯಾಲ ಹಾಕೀ ಅಂತನಾ? ಪರೀಕ್ಷೆ ಆಗ್ಲಿ. ಅಲ್ಲಿಂದ ಏನು ಬರ್ತೈತೋ ಬರ್ಲಿ. ನೀ ಬಾಯಿ ಬಿಡಬ್ಯಾಡ."

ಜಂಬಯ್ಯ ಒಪ್ಪಿದ. ಬೇಕಾದರೆ ಹಿಂದಿನ ಹಂತ ತೆರೆದು ದುರುಗನನ್ನು ಎಬ್ಬಿಸೋಣ ಎಂದ. ಕಾಳಪ್ಪ ಬೇಡವೆಂದು ಮೆಟ್ಟಿಲಿಳಿದು ಹೋದ.

ಮಾರ್ಚಿನಲ್ಲಿ ಕರೆ ಬಂತು. ಕಾಳಪ್ಪ ಅಂಗಡಿ ಬಿಟ್ಟು ಊರಿಗೆ ಬಂದ. ಬೇಸಿಗೆ ಭತ್ತ ಆಗ ತೆನೆ ಕಟ್ಟುವ ಹಂತದಲ್ಲಿತ್ತು. ಉಚ್ಚೆಂಗಪ್ಪ ಪಾಲಿಗೆ ಮಾಡಿದ್ದ ಒಂದು ಎಕರೆ ಕಾಲುವೆಗಿಂತ ಎತ್ತರದ ನೆಲ. ಕಾಲುವೆಗೆ ಮೋಟರು ಇಳಿಸಿ ನೀರೆತ್ತಬೇಕು. ಅದು ಕಾನೂನಿಗೆ ವಿರುದ್ಧ, ಆದರೆ ಆ ಸಾಲಿನ ಹೊಲದವರೆಲ್ಲ ಅದನ್ನೇ ಮಾಡುತ್ತಿದ್ದರು. ಕಾಲುವೆಯಲ್ಲಿ ನೀರು ಪಾಳಿಯ ಮೇಲೆ ಬರುತ್ತಿತ್ತು. ಕಾಳಪ್ಪ ಬಂದ ಮರುದಿನ ಸಂಜೆಗೆ ನೀರಗಂಟಿ ಬಂದು ತೂಬು ಮುಚ್ಚಿದರೆ ಮುಂದಿನ ಪಾಳಿಯವರೆಗೆ ಒಣಗಬೇಕು.

ಆ ದಿನವೇ ಹೆಗ್ಗಣ ಮೋಟರಿನ ವೈರು ಕಡಿದಿತ್ತು.

ಕಾಳಪ್ಪ ಕಾಲುವೆಯ ಏರಿಯ ಮೇಲೆ ಕೂತು ವೈರಿನ ಸಿಪ್ಪೆ ಬಿಡಿಸಿದ. ಒಳಗೆ ಮೂರು ಎಳೆ. ಕಪ್ಪು ಯಾವುದೆಂದು ಅವನಿಗೂ ಗೊತ್ತಾಯಿತು. ಉಳಿದ ಎರಡರಲ್ಲಿ ಒಂದು ಕೆಂಪು, ಕರೆಂಟು ಹರಿಯುವುದು. ಇನ್ನೊಂದು ಹಸಿರು, ಮೋಟರಿನ ಮೈಗೆ ಕಟ್ಟಿ ನೆಲಕ್ಕೆ ಬಿಡುವುದು. ಅದಲುಬದಲಾದರೆ ಮೋಟರಿನ ಮೈಗೇ ಕರೆಂಟು. ಕರೆಂಟು ಇದ್ದರೆ ಟೆಸ್ಟರ್ ಒಂದು ಕ್ಷಣದಲ್ಲಿ ಹೇಳುತ್ತಿತ್ತು. ಕರೆಂಟು ಬರುವುದು ಮಧ್ಯಾಹ್ನದ ಮೇಲೆ.

ಉಚ್ಚೆಂಗಪ್ಪ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಏನೋ ಕಾಳ್ಯಾ, ಹೆಣ್ಣು ನೋಡಾಕ ಹೋದಂಗ ನೋಡಾಕ ಹತ್ತೀ ವೈರನ್ನ?"

"ಕರೆಂಟು ಬರ್ಲಣ್ಣ. ಟೆಸ್ಟರ್ ಹಚ್ಚಿ ಜೋಡಿಸ್ತೀನಿ."

"ಕರೆಂಟು ಬಂದಮ್ಯಾಲ ಜೋಡಿಸ್ತಾ ಕುಂತ್ರ ನೀರು ಯಾರಪ್ಪ ಕೊಡ್ತಾನ? ಬಂದ ಕೂಡ್ಲೆ ಮೋಟರು ತಿರುಗಬೇಕು. ಇದನ್ನ ಕಲಿಯಾಕಲ್ಲೇನು ನಿನ್ನ ಹೊಸಪ್ಯಾಟಿಗೆ ಕಳ್ಸಿದ್ದು?"

ಇದರಲ್ಲಿ ಕೆಂಪು ಯಾವುದಣ್ಣ ಎಂದು ಕೇಳಿದ್ದರೆ ಉಚ್ಚೆಂಗಪ್ಪ ಬೀಡಿಯ ತುದಿಯಿಂದ ತೋರಿಸುತ್ತಿದ್ದ. ಆಮೇಲೆ ಯಾಕೆ ಕೇಳಿದೆ ಎನ್ನುತ್ತಿದ್ದ. ಕಾಳಪ್ಪ ಕೇಳಲಿಲ್ಲ. ಎರಡೂ ಎಳೆಗಳನ್ನು ಅಂಗಿಗೆ ಒರೆಸಿ ಬೆಳಕಿಗೆ ಹಿಡಿದ. ಸ್ವಲ್ಪ ತೆಳುವಾಗಿ ಕಂಡದ್ದನ್ನು ಕೆಂಪು ಎಂದು ತೀರ್ಮಾನಿಸಿ ಮೋಟರಿನ ಒಳಗೆ ಕೊಟ್ಟ. ಗಾಢವಾಗಿ ಕಂಡದ್ದನ್ನು ಮೋಟರಿನ ಮೈಯ ಬೋಲ್ಟಿಗೆ ಬಿಗಿದ. ಕರೆಂಟು ಬರುವಷ್ಟರಲ್ಲಿ ವಾಪಸು ಬಂದು ಟೆಸ್ಟರ್ ಹಚ್ಚಿ ನೋಡಿಯೇ ಶುರು ಮಾಡಿದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡ. ವೈದ್ಯಕೀಯ ಪರೀಕ್ಷೆಗೆ ಒಯ್ಯುವ ಕಾಗದಗಳಿಗೆ ಅಂದೇ ಕಂಪ್ಲಿಯಲ್ಲಿ ಅಧಿಕಾರಿಯ ಸಹಿ ಹಾಕಿಸಬೇಕಿತ್ತು.

"ನಾ ಬರೋತನಕ ಮುಟ್ಟಬ್ಯಾಡಣ್ಣ. ಒಮ್ಮೆ ನೋಡಿ ಶುರು ಮಾಡ್ತೀನಿ."

"ಆತು, ಹೋಗಪ್ಪ ಡ್ರೈವರ್ ಸಾಹೇಬ. ಬಸ್ಸು ತಪ್ತೈತಿ."

ಕಂಪ್ಲಿಯಲ್ಲಿ ಅಧಿಕಾರಿ ಊಟಕ್ಕೆ ಹೋಗಿದ್ದ. ಕಾಳಪ್ಪ ಬಾಗಿಲ ಮುಂದೆ ಕಾದ. ಎಮ್ಮಿಗನೂರಿನಲ್ಲಿ ಕರೆಂಟು ಆ ದಿನ ಬೇಗ ಬಂತು. ಉಚ್ಚೆಂಗಪ್ಪ ಸ್ವಲ್ಪ ಹೊತ್ತು ತಮ್ಮನ ದಾರಿ ನೋಡಿ, ಕಾಲುವೆಯ ನೀರು ಇಳಿಯುವುದನ್ನು ನೋಡಿ, ಸ್ವಿಚ್ಚು ಹಾಕಿದ. ಮೋಟರು ತಿರುಗಲಿಲ್ಲ. ಒಳಗೆ ಕಸ ಸಿಕ್ಕಿ ಬಿಗಿದಿರಬೇಕೆಂದು ಕೆಸರಿಗಿಳಿದು, ಮೋಟರಿನ ಮೇಲೆ ಒಂದು ಕೈಯಿಟ್ಟ.

ಪಕ್ಕದ ಹೊಲದವರು ಒಣ ಕಟ್ಟಿಗೆಯಿಂದ ಅವನನ್ನು ಬಿಡಿಸುವಷ್ಟರಲ್ಲಿ ಜೀವ ಹೋಗಿತ್ತು. ಕಾಳಪ್ಪ ಸಹಿ ಹಾಕಿಸಿದ ಕಾಗದಗಳೊಂದಿಗೆ ಬಸ್ಸಿಳಿದಾಗ ಏರಿಯ ಮೇಲೆ ಜನ ಸೇರಿದ್ದರು. ಹಳೆಯ ಮೋಟರು, ಒದ್ದೆ ಕಾಲು, ಆಗುವುದೇ ಎಂದರು. ಪೊಲೀಸರೂ ಹಾಗೇ ಬರೆದುಕೊಂಡರು. ಮೋಟರು ಯಾರು ಜೋಡಿಸಿದ್ದು ಎಂದು ಯಾರೂ ಕೇಳಲಿಲ್ಲ. ಹೊಲದ ಒಡೆಯ ಮೋಟರು ಕಿತ್ತಿಸಿಕೊಂಡು ಹೋದ.

ದಿನಕರ್ಮ ಮುಗಿಯುವ ಮೊದಲೇ ವೈದ್ಯಕೀಯ ಪರೀಕ್ಷೆಯ ತಾರೀಖು ಬಂತು. ಕಾಳಪ್ಪ ಹೋಗುವುದಿಲ್ಲ ಎಂದ. ಹೊಳೆಮ್ಮ ಅವನ ಬೂಟು ತಂದು ಮುಂದಿಟ್ಟಳು. "ನೀ ಹೋಗ್ಲಿಲ್ಲಂದ್ರ ಅವ ಯಾಕ ದುಡದ ಹೇಳು."

ರೈಲ್ವೆ ಆಸ್ಪತ್ರೆಯಲ್ಲಿ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದರು. "ಏನು ಅಂಕಿ ಐತಿ ಓದ್ರಿ."

ಕಾಳಪ್ಪ ನೋಡಿದ. ಬರೀ ಚುಕ್ಕೆಗಳಿದ್ದವು. ಡಾಕ್ಟರು ಇನ್ನೊಂದು ಪುಟ ತಿರುವಿದರು, ಮತ್ತೊಂದು ತಿರುವಿದರು, ಪುಸ್ತಕ ಮುಚ್ಚಿದರು. ಇದು ಹುಟ್ಟಿನಿಂದ ಬಂದದ್ದು, ಹೆಚ್ಚಾಗಿ ತಾಯಿಯ ಕಡೆಯಿಂದ ಬರುತ್ತದೆ, ಔಷಧಿ ಇಲ್ಲ ಎಂದರು. ಗದರಲಿಲ್ಲ.

ಮನೆಗೆ ಬಂದು ಕಾಳಪ್ಪ ತಾಯಿಗೆ ಎಲ್ಲ ಹೇಳಿದ. ತಾಯಿಯ ಕಡೆಯಿಂದ ಬರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೊಳೆಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಕೆಂಪು ಕಾಣಂಗಿಲ್ಲೇನು ನಿನಗ?"

"ಇಲ್ಲವ್ವ."

"ಮೊದ್ಲಿಂದನೂ?"

"ಹೂಂ."

ಅವಳ ಕೈ ನಿಂತಿತು. "ಅವತ್ತು ವೈರು ಜೋಡ್ಸೋವಾಗ?"

ಕಾಳಪ್ಪ ಮೊರದಾಚೆ ಬಿದ್ದ ಅಕ್ಕಿಕಾಳುಗಳನ್ನು ಹೆಕ್ಕಿದ.

"ಉಚ್ಚೆಂಗ ಅಲ್ಲೇ ಕುಂತಿದ್ನಲ್ಲೋ. ಕೇಳಿದ್ರ ಹೇಳ್ತಿದ್ದ."

"ಹೌದವ್ವ. ಕೇಳ್ಲಿಲ್ಲ."

ಹೊಳೆಮ್ಮ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮೊರ ಕೆಳಗಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಒಲೆ ಹಚ್ಚಲಿಲ್ಲ. ನೀರಿಲ್ಲದೆ ಭತ್ತ ಜೊಳ್ಳಾಯಿತು. ಒಡೆಯ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟ. ಕಾಳಪ್ಪ ಮತ್ತೆ ವೈರು ಮುಟ್ಟಲಿಲ್ಲ. ಹೊಸಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಅದಿರು ತುಂಬುವ ಕೂಲಿಗೆ ಸೇರಿದ.

ಆ ಬೇಸಿಗೆಯಲ್ಲಿ ಆ ಮನೆಯಿಂದ ಹೋದದ್ದು ಮಗ ಒಬ್ಬ, ನೌಕರಿ ಒಂದು, ಪಾಲಿನ ಹೊಲ ಒಂದು ಎಕರೆ, ಅದರ ಮೇಲಿದ್ದ ಬೆಳೆ ಒಂದು.