ಗುರುವಾರದ ನೂರೆಂಟು ಬಾಟಲಿ

ಅಕ್ಕನಾಗಮ್ಮ ಸಿಟ್ಟಿನ ಹೆಂಗಸಲ್ಲ. ಎಮ್ಮೆ ಒದ್ದು ಹಾಲು ಚೆಲ್ಲಿದರೂ 'ಹೋಗ್ಲಿ ಬಿಡವ್ವಾ' ಅನ್ನುವವಳು. ಆ ಗುರುವಾರ ಮಾತ್ರ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವಳ ಮೈಯೆಲ್ಲ ಉರಿಯಿತು.

ಬೆಳಿಗ್ಗೆ ರಕ್ತಪೇಢಿಯ, ಅಂದರೆ ಬ್ಲಡ್ ಬ್ಯಾಂಕಿನ, ಡಾಕ್ಟರ್ ಶುಭಾಂಗಿಯಿಂದ ಫೋನು ಬಂದಿತ್ತು. ಒಬ್ಬ ಬಸುರಿಗೆ ಮರುದಿನ ಆಪರೇಷನ್ನು, ಅಕ್ಕನಾಗಮ್ಮನ ಅಪರೂಪದ ಗುಂಪಿನ ರಕ್ತವೇ ಬೇಕು. ಕೇಳಿದ್ದೇ ತನ್ನೂರು ಚಪಳಗಾಂವದಿಂದ ಬಸ್ಸು ಹತ್ತಿದ್ದಳು.

ರಕ್ತಪೇಢಿಯವರೆಲ್ಲ ಅಂದು ಶೈಲೇಶ ಶೇಟನ ಟಾವೆಲ್ ಕಾರ್ಖಾನೆಯಲ್ಲಿದ್ದರು, ಅವಳೂ ಅಲ್ಲಿಗೇ ಬಂದಳು. ತೀರಿಹೋದ ತಂದೆಯ ಹೆಸರಿನಲ್ಲಿ ಶೈಲೇಶ ರಕ್ತದಾನ ಶಿಬಿರ ಇಟ್ಟಿದ್ದ. ತಂದೆ ಅಕ್ಕಲಕೋಟದ ಸ್ವಾಮಿಗಳ ಭಕ್ತ. ಅದಕ್ಕೇ ಗುರುವಾರವೇ ಆಗಬೇಕು, ಬಾಟಲಿ ನೂರೆಂಟೇ ಆಗಬೇಕು. ಕೊಟ್ಟವರಿಗೆ ಹೆಲ್ಮೆಟ್ಟು. ಗುರುವಾರ ಸ್ವಾಮಿಗಳ ಭಕ್ತರು ಉಪವಾಸ ಇರುತ್ತಾರೆ, ಹಸಿದವರ ರಕ್ತ ತೆಗೆಯುವುದಿಲ್ಲ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ. ಕೆಲವರು ಸಾಬೂದಾಣಿ ತಿನ್ನುವುದುಂಟು. ಅಕ್ಕನಾಗಮ್ಮ ಮಾತ್ರ ಮೂವತ್ತೊಂದು ವರ್ಷದಿಂದ, ದೀಪ ಹಚ್ಚುವ ತನಕ, ನೀರು ಬಿಟ್ಟು ಏನೂ ಮುಟ್ಟಿದವಳಲ್ಲ.

ಮಧ್ಯಾಹ್ನಕ್ಕೆ ಬಾಟಲಿ ಅರವತ್ತೊಂದಕ್ಕೆ ನಿಂತಿತ್ತು. ಶೈಲೇಶ ಅವಳ ಕಿವಿಯ ಹತ್ತಿರ ಬಾಗಿದ.

"ಮಾವಶಿ, ಊಟ ಆಗೇದೇನಂತ ಕೇಳ್ತಾರ. ಆಗೇದ್ರಿ ಅಂದುಬಿಡ್ರಿ. ಎಲ್ಲಾರೂ ಹಂಗೇ ಅಂದಾರ."

"ಸ್ವಾಮಿ ವಾರದಾಗ ಸುಳ್ಳು ಹೇಳ್ಲೇನೋ ತಮ್ಮಾ?"

"ಪುಣ್ಯದ ಕೆಲಸಕ್ಕ ಸಣ್ಣ ಸುಳ್ಳು ನಡೀತದ್ರಿ."

ಅಷ್ಟರಲ್ಲಿ ಹಿಂದೆ ಧೊಪ್ಪೆಂದು ಸದ್ದಾಯಿತು. ಆಗಷ್ಟೇ ರಕ್ತ ಕೊಟ್ಟು ಎದ್ದಿದ್ದ ಕುಂಭಾರಿ ಊರಿನ ಯೋಗಿರಾಜ, ಅಲ್ಲಿಯೇ ಮಗ್ಗ ನಡೆಸುವವನು, ತಲೆಸುತ್ತಿ ಬಿದ್ದಿದ್ದ. ಮಗ್ಗದ ಅಂಚು ಬಡಿದು ಹಣೆ ಒಡೆದಿತ್ತು. ಹೆಲ್ಮೆಟ್ಟು ಇನ್ನೂ ಕಂಕುಳಲ್ಲಿತ್ತು.

ಶುಭಾಂಗಿ ಓಡಿಬಂದಳು. "ಊಟ ಆಗೇದ ಅಂದಿದ್ದೆಲ್ಲೋ!"

"ಶೇಟರು ಹಂಗ ಅನ್ನಂದ್ರು, ಡಾಕ್ಟರ್ ಬಾಯಾರ..."

ಶೈಲೇಶನ ಕಣ್ಣು ಆ ಒಡೆದ ಹಣೆಯ ಮೇಲಿರಲಿಲ್ಲ. "ಇವನ ಬಾಟ್ಲಿ ಲೆಕ್ಕಕ್ಕ ಹಿಡೀತೀರಲ್ರಿ, ಮ್ಯಾಡಮ್?"

ಅಕ್ಕನಾಗಮ್ಮ ಎದ್ದು ನಿಂತಳು.

"ನಿನ್ನ ಬಾಯಾಗ ಮಣ್ಣು ಹಾಕ! ನನ್ನ ಮಗಳು ಶ್ರದ್ಧಾ ಹಡದು, ಗ್ವಾಡಿಹಂಗ ಬಿಳಿಚಿ ಬಿದ್ದಿದ್ಳು. ಯಾರದೋ ರಕ್ತ ಏರಿಸಿದ್ರು, ಉಳದ್ಳು. ಕೊಟ್ಟಾಂವ ಯಾರು, ಯಾವ ವಾರ ಕೊಟ್ಟ, ಇವತ್ತಿಗೂ ಗೊತ್ತಿಲ್ಲ ನನಗ. ಅವ ಹೆಲ್ಮೆಟ್ಟಿಗೆ ಕೊಟ್ಟನೇನು? ನಿಮ್ಮಪ್ಪ ಮ್ಯಾಲ ಕುಂತು ಬಾಟ್ಲಿ ಎಣಿಸಾಕತ್ತಾನೇನು?"

"ಮಾವಶಿ, ಮಂದಿ ಅದಾರ..."

"ಇರ್ಲಿ! ಕೇಳ್ಲಿ!"

ಶುಭಾಂಗಿ ಅವಳ ತೋಳು ಹಿಡಿದಳು. "ಮಾವಶಿ, ನೀವು ತಿನ್ನದ ನಾ ಸೂಜಿ ಹಾಕಂಗಿಲ್ಲ. ರಕ್ತ ತಪಾಸಣಿ ಆಗಾಕ ಹೊತ್ತು ಬೇಕು. ದೀಪ ಹಚ್ಚೂತನಕ ತಡದ್ರ ನಾಳಿ ಆ ಬಸುರಿಗೆ ಸಿಗಂಗಿಲ್ಲ."

ಅಕ್ಕನಾಗಮ್ಮ ಗೋಡೆಯ ಮೇಲಿನ ಸ್ವಾಮಿಗಳ ಫೋಟೋ ನೋಡಿದಳು. ಆಮೇಲೆ ಮಗ್ಗದ ಹೆಣ್ಣಾಳೊಬ್ಬಳ ಡಬ್ಬಿ ಇಸಿದುಕೊಂಡು, ನೆಲಕ್ಕೆ ಕುಳಿತು, ಜೋಳದ ಭಾಕರಿ ಮುರಿದಳು. ಮೊದಲ ತುತ್ತನ್ನು ನೀರು ಕುಡಿದು ನೂಕಿದಳು. ಶೇಂಗಾ ಹಿಂಡಿಯ ಚಟ್ನಿ ಸಮೇತ ಪೂರಾ ತಿಂದಳು, ಸಿಟ್ಟಿನಿಂದಲೇ.

ತಾಸಿನ ಮೇಲೆ ಅವಳು ಮಂಚದ ಮೇಲೆ ಮಲಗಿದಾಗ ಶೈಲೇಶ ಫೋಟೋ ತೆಗೆಯಲು ಮೊಬೈಲು ಹಿಡಿದು ಬಂದ.

"ನನ್ನದನ್ನ ನಿನ್ನ ನೂರೆಂಟರಾಗ ಹಿಡದಿ ಅಂದ್ರ ನೋಡು!"

ಅವನು ಹಿಂದೆ ಸರಿದ. ಸೂಜಿ ಒಳಗೆ ಹೋಯಿತು. ಅಕ್ಕನಾಗಮ್ಮ ಕಣ್ಣು ಮುಚ್ಚಿ ತನ್ನೊಳಗೇ ಅಂದಳು: "ಸ್ವಾಮಿ, ವ್ರತ ಮುರದೀನಿ. ಸಿಟ್ಟು ಬಂದ್ರ ನನ್ನ ಮ್ಯಾಲ ತೀರಿಸ್ಕೋ, ಆ ಬಸುರಿ ಮ್ಯಾಲ ಬ್ಯಾಡ. ನನಗೂ ಸಿಟ್ಟು ಬಂದದ. ನಿನ್ನ ಹೆಸರು ಹೇಳಿ ಆ ಹುಡುಗನ್ನ ಕೆಡವೂಮುಂದ ನೀ ಎಲ್ಲಿದ್ದಿ?"