ನೀರು ತರುವವನು

ಅಥವಾ ಅದು ಪ್ರೀತಿಯೇ ಇದ್ದಿರಬಹುದು, ನಾನೇ ತಪ್ಪು ತಿಳಿದು ಸಿಂಧನೂರು ಬಿಟ್ಟು ಹೀಗೆ ಬಸ್ಸಿನಲ್ಲಿ ಕೂತಿದ್ದೇನೆಯೋ ಏನೋ, ತೊಡೆಯ ಮೇಲೆ ಖಾಲಿ ನೀರಿನ ಕ್ಯಾನು, ಕಿಟಕಿಯಾಚೆ ಗದ್ದೆಯ ಹಸಿರು — ಯಾವ ಗಂಡ ಹೆಂಡತಿಗೆ ನೀರು ಹೊತ್ತು ತರುತ್ತಾನೆ, ದಾನಿಷ್ ತರುತ್ತಾನೆ, ಮದುವೆಯಾದಾಗಿನಿಂದ ಫಿಲ್ಟರ್ ನೀರಿನ ಸಾಲಿನಲ್ಲಿ ಅಷ್ಟು ಹೆಂಗಸರ ನಡುವೆ ಅವನೊಬ್ಬನೇ ಗಂಡಸು, ಹೆಗಲ ಮೇಲೆ ಕ್ಯಾನು, ತುಟಿಯಲ್ಲಿ ಆ ನಗು, ಎದುರುಮನೆಯ ಪೀರ್‌ಬೀ ಬಾಗಿಲಲ್ಲೇ ನಿಂತು, ಮೆಹರಬಾನು, ನೀ ನಸೀಬದಾಕಿ ಬಿಡು, ನನ್ನ ಗಂಡಗ ಕುಡಿಯೋ ನೀರು ಎಲ್ಲಿಂದ ಬರತಾವಂತನೂ ಗೊತ್ತಿಲ್ಲ, ನಾನೂ ನಗುತ್ತಿದ್ದೆ, ನೀರಿನ ಸಾಲು ತಪ್ಪಿದರೆ ಮಾತೇ ತಪ್ಪುತ್ತದೆಂದು ಆಗೆಲ್ಲಿ ಗೊತ್ತಿತ್ತು, ಓಣಿಯ ಹೆಂಗಸರು ಒಬ್ಬರಿಗೊಬ್ಬರು ಸಿಗುವುದೇ ಅಲ್ಲಿ, ಆಮೇಲೆ ಕಾಯಿಪಲ್ಲೆ ಅವನೇ ತಂದ, ಆಮೇಲೆ ನನ್ನ ಫೋನು ಅವನ ಜೇಬಿನಲ್ಲೇ ಉಳಿಯಿತು, ಅಮ್ಮೀ ಜೊತೆಗಿನ ಮಾತು ಸ್ಪೀಕರಿನಲ್ಲಿ, ಅವನೆದುರು, ಅಮ್ಮೀ ಅಂತೂ, ಅಂಥ ಗಂಡು ಎಲ್ಲಿ ಸಿಗತಾನ ಬೇಟಿ, ನಿಮ್ಮಪ್ಪ ಕುಡಿದ ಲೋಟ ಸೈತ ಎತ್ತಿಟ್ಟವನಲ್ಲ — ಒಂದು ಸಲ ಅವನು ಕೆಲಸಕ್ಕೆ ಅಕ್ಕಿ ಮಿಲ್ಲಿಗೆ ಹೋಗಿದ್ದಾಗ ನೀರು ತೀರಿತ್ತು, ನಾನೇ ಹೋಗಿ ತಂದೆ, ಸಂಜೆ ಬಂದವನು ತುಂಬಿದ ಕ್ಯಾನು ನೋಡಿದ, ನನ್ನನ್ನು ನೋಡಿದ, ರೊಟ್ಟಿ ತಟ್ಟುತ್ತಿದ್ದ ಕೈ ಹಿಡಿದು ಹಂಚಿನ ಮೇಲೆ ಒತ್ತಿದ, ಮೆಲ್ಲಗೆ, ಅಂಗಿಗೆ ಇಸ್ತ್ರಿ ಹಾಕುವವನ ಹಾಗೆ, ನಂತರ ತಾನೇ ಹಲ್ಲುಜ್ಜುವ ಪೇಸ್ಟು ಹಚ್ಚಿ ಅಂಗೈ ಮೇಲೆ ಊದುತ್ತ ಕೂತ, ಆ ಉಸಿರು ತಣ್ಣಗಿತ್ತು, ಸುಟ್ಟದ್ದು ಮಾಯ್ದು ಕಲೆಯಾಯಿತು, ಆ ಉಸಿರು ಅಂಗೈ ಬಿಟ್ಟು ಹೋಗಿಲ್ಲ.

ಫ್ರೀ ಟಿಕೆಟ್ಟಿಗೆ ಆಧಾರ್ ತೋರ್ಸವ್ವಾ, ಕಂಡಕ್ಟರ್ ಕೇಳಿದ, ನನ್ನ ಆಧಾರ್ ಅವನ ಟ್ರಂಕಿನಲ್ಲಿದೆ, ಯಾಕೆ ಅಲ್ಲಿದೆ ಎಂದು ನಾನೇ ಇವತ್ತಿನವರೆಗೆ ಕೇಳಿಕೊಂಡಿರಲಿಲ್ಲ, ಪಕ್ಕದಿಂದ ಯಮನಮ್ಮಕ್ಕ, ಇಕಿದು ಟಿಕೆಟ್ ಹರಿಯಪ್ಪ, ರೊಕ್ಕ ನಾ ಕೊಡ್ತೀನಿ, ಕ್ಯಾನಿಗೂ ಹರೀಲೇನು, ಕಂಡಕ್ಟರ್ ಅಂದ, ಹರಿ, ಅದಕ್ಕೊಂದು ಸೀಟು ಕೊಡು ಮತ್ತ, ಆಕೆ ಬಿಡಲಿಲ್ಲ — ಹಿಂದೆ ಯಾರೋ ನಕ್ಕರು. ಯಮನಮ್ಮಕ್ಕ ನಮ್ಮ ಓಣಿಯ ಆಶಾ ಕಾರ್ಯಕರ್ತೆ, ಗುಳಿಗೆ ಕೊಡಲು ಬಂದಾಗ ನನ್ನನ್ನು ಕೇಳಿದ್ದಕ್ಕೆಲ್ಲ ದಾನಿಷ್ ಉತ್ತರ ಹೇಳಿದ, ನನ್ನ ಮುಟ್ಟಿನ ಲೆಕ್ಕ ಕೂಡ, ಆಕೆ ಗುಳಿಗೆ ಕೊಟ್ಟು ಹೋದಳು, ಮರುದಿನ ಅವನಿಲ್ಲದ ಹೊತ್ತಿಗೆ ಕಿಟಕಿಯಲ್ಲಿ, ಯವ್ವಾ, ನಿನಗ ಮಾತು ಬರತಾವಿಲ್ಲೋ, ಅಷ್ಟೇ ಕೇಳಿದ್ದು, ನಾನು ಅಂಗೈ ತೋರಿಸಿದೆ, ಆಕೆ ಅಂದಳು, ಲಿಂಗಸುಗೂರಾಗ ಹೆಂಗಸರ ಕಷ್ಟ ಕೇಳೋ ಸಾಂತ್ವನ ಕೇಂದ್ರ ಐತಿ, ಅಲ್ಲಿಗೆ ಹೋಗೂಣು, ಸಿಂಧನೂರಾಗ ಎಲ್ಲಾರೂ ಅಂವನ ದೋಸ್ತರು, ಕ್ಯಾನ್ ಹಿಡಕೊಂಡು ಹೊರಗ ಬಾ, ಯಾರೂ ಕೇಳಂಗಿಲ್ಲ, ಆದರೂ ನಾನು ಹೊರಬಿದ್ದಾಗ ಪೀರ್‌ಬೀ ಕೇಳಿದಳು, ಏನಬೇ, ಇವತ್ತು ರಾಣಿಗೇ ನೀರಿನ ಪಾಳಿ ಬಂತೇನು. ಮಸ್ಕಿ, ಮಸ್ಕಿ ಇಳಿಯೋರು — ತವರು ಇಲ್ಲೇ, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿ, ಅಮ್ಮೀ ಈಗ ಅಕ್ಕಿ ಆರಿಸುತ್ತಿರಬಹುದು, ಇಳಿದರೆ ಊಟ ಹಾಕುತ್ತಾಳೆ, ತಲೆ ಬಾಚುತ್ತಾಳೆ, ಆಮೇಲೆ ಅವನಿಗೆ ಫೋನು ಮಾಡುತ್ತಾಳೆ, ಅಳಿಯನ ಮೇಲಿನ ಮಮತೆಗೆ, ಅವನು ಬಂದು ನಗುತ್ತ ನನ್ನ ಕ್ಯಾನು ಹೊರುತ್ತಾನೆ, ಗಲ್ಲಿಯೆಲ್ಲ ನೋಡುತ್ತದೆ — ಎದ್ದೆನೋ ಇಲ್ಲವೋ, ಯಮನಮ್ಮಕ್ಕ ಕೈ ಹಿಡಿಯಲಿಲ್ಲ, ನಿಂದ ಇಷ್ಟ ಅಂದಳು, ಬಸ್ಸು ಹೊರಟಿತು, ನಾನು ಕೂತೇ ಇದ್ದೆ, ಹಸಿರು ತೆಳುವಾಗಿ ಬಯಲು ಬಂತು.

ಸಾಂತ್ವನ ಕೇಂದ್ರದ ಸಣ್ಣ ಕೋಣೆ, ಫ್ಯಾನು ತಿರುಗುತ್ತದೆ, ಅಲ್ಲಿನ ಸಮಾಲೋಚಕಿ ಸುಕನ್ಯಾ ಮೇಡಂ ಬಾಗಿಲು ಮುಂದೆ ಮಾಡಿ ಬಂದು ಎದುರು ಕೂರುತ್ತಾರೆ, ಅವಸರ ಇಲ್ಲವ್ವಾ, ಸಾವಕಾಶ ಹೇಳು, ಅಂವ ನಿನಗ ಏನಂತಾನ, ಬೈತಾನೇನು, ಹೊರಗ ಹೋಗಬ್ಯಾಡ ಅಂತಾನೇನು, ಯಮನಮ್ಮಕ್ಕ ನನ್ನತ್ತ ನೋಡುತ್ತಾಳೆ, ಈ ಸಲ ನನ್ನ ಬದಲು ಉತ್ತರ ಹೇಳಲು ಯಾರೂ ಇಲ್ಲ, ಅಂಗೈ ಮೇಲೆ ಮತ್ತೆ ಆ ತಣ್ಣನೆಯ ಉಸಿರು, ಇಲ್ಲರೀ ಮೇಡಂ, ಎನ್ನುತ್ತೇನೆ, ನನ್ನ ದನಿ ನನಗೇ ಹೊಸದು, ಅಂಗೈ ಬಿಚ್ಚಿ ಮೇಜಿನ ಮೇಲಿಡುತ್ತೇನೆ. ಹೊರಗೆ ಹೋಗಬೇಡ ಎಂದು ಅವನು ಒಂದು ದಿನವೂ ಹೇಳಿಲ್ಲ, ನೀರು ತಂದ, ಅಷ್ಟೇ.