ಗೊಲ್ಲಾಳಮ್ಮನ ಬಾಯಿಯೊಳಗಿನ ಗುಳಿಗೆ

ಓಣಿಯಲ್ಲಿ ಯಾರ ಸ್ವಭಾವ ಎಂಥದ್ದು ಎಂದು ಹೇಳಲು ಗೊಲ್ಲಾಳಮ್ಮನಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿ ಉಬ್ಬುವುದರೊಳಗೆ ತೀರ್ಪು ಬಂದುಬಿಡುತ್ತಿತ್ತು. ಇವನು ಜಿಪುಣ, ಅವಳು ಸೋಮಾರಿ, ಆಚೆ ಮನೆಯವಳು ಬಾಯಿಬಡಕಿ. ಶಹಾಪುರ ತಾಲೂಕಿನ ಆ ಸಣ್ಣ ಊರಿನಲ್ಲಿ ಅವಳು ರೊಟ್ಟಿ ಮಾರಿ ಬದುಕುತ್ತಿದ್ದಳು. ರೊಟ್ಟಿ ಒಯ್ಯಲು ಬಂದವರಿಗೆಲ್ಲ ಈ ತೀರ್ಪುಗಳನ್ನು ಪುಕ್ಕಟೆ ಕೊಡುತ್ತಿದ್ದಳು.

ಮೊನ್ನೆ ಮೊನ್ನೆ ತೀರ್ಪು ಬಂದದ್ದು ಆಶಾ ಕಾರ್ಯಕರ್ತೆ ಕುಬ್ರಾಬೇಗಂ ಮೇಲೆ. ಗೊಲ್ಲಾಳಮ್ಮ ಕಟ್ಟೆಯ ಮೇಲೆ ಕೂತು, “ಕುಬ್ರಾ, ಚಹಾ ಕುಡದ್ ಹೋಗು ಬಾರವ್ವಾ” ಎಂದು ಬಾಯ್ತುಂಬ ಕರೆದಿದ್ದಳು. ಕುಬ್ರಾಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡು, ತಲೆಯನ್ನೂ ಎತ್ತದೆ ಸರಸರನೆ ಹೋಗಿಬಿಟ್ಟಳು.

“ನೋಡಿದ್ರ್ಯಾ? ಹೆಗಲಿಗಿ ಬ್ಯಾಗ್ ಬಂದ ಮ್ಯಾಲ ಸೊಕ್ಕು ಬಂದಾದ ಆಕಿಗಿ” ಎಂದಳು ಗೊಲ್ಲಾಳಮ್ಮ.

“ಹೌದ್ ಹೌದ್, ಸೊಕ್ಕು ಬಂದಾದ” ಎಂದ ಗಂಡ ಸೂಗಪ್ಪ. ಅವನು ಹಿಟ್ಟಿನ ಗಿರಣಿ ನಡೆಸುವವನು. ದಿನವಿಡೀ ಗಿರಣಿಯ ಸದ್ದಿನಲ್ಲಿ ಯಾರು ಏನು ಹೇಳಿದರೂ “ಹೌದ್ ಹೌದ್” ಎಂದು ಎಂದು ಅದೇ ಅವನ ಅಭಿಪ್ರಾಯವಾಗಿಬಿಟ್ಟಿತ್ತು.

ಅದೇ ಕುಬ್ರಾಬೇಗಂ ಒಂದು ವಾರದ ನಂತರ ಆನೆಕಾಲು ರೋಗದ ಗುಳಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

“ಗೊಲ್ಲಾಳಕ್ಕ, ಊಟ ಆಗ್ಯಾದೇನು? ಬಾ, ಗುಳಗಿ ನುಂಗು.”

“ಒಲ್ಲೆ ತಾಯಿ. ಹೋದ ವರ್ಷ ನಮ್ಮನ್ಯಾವ್ರು ಇದನ್ನ ನುಂಗಿ ಗಿರಣಿ ಮುಂದ ಎಷ್ಟ್ ವಾಂತಿ ಮಾಡಿದ್ರು, ನೀ ನೋಡಿಲ್ಲೇನ್? ಈ ಓಣ್ಯಾಗ ಯಾರೂ ನುಂಗಂಗಿಲ್ಲ.”

“ಯಾರೂ ಅಂದ್ರ ಯಾರ್ಯಾರು? ಕೇಳಿಯೇನು?”

“ಕೇಳೋದೇನದ? ನನಗ ಗೊತ್ತದ.”

ಕುಬ್ರಾಬೇಗಂ ಹೊಸ್ತಿಲಿನಿಂದ ಕದಲಲಿಲ್ಲ. “ಈ ರೋಗ ಸೊಳ್ಳಿಲಿಂದ ಬರ್ತಾದಕ್ಕ. ಒಬ್ಬರ ರಕ್ತದಾಗಿನ ಹುಳ ಸೊಳ್ಳಿ ಒಯ್ದು ಇನ್ನೊಬ್ಬರಿಗಿ ಮುಟ್ಟಸ್ತಾದ. ಹುಳ ಒಳಗಿದ್ರೂ ಎಷ್ಟೋ ವರ್ಷ ಹೊರಗ ಗೊತ್ತಾಗಂಗಿಲ್ಲ. ಒಮ್ಮಿ ಕಾಲು ದಪ್ಪಗ ಬಾತ ಮ್ಯಾಲ ಇಳಸೋದು ಭಾಳ ಕಠಿಣ. ಅದಕ್ಕ ಗಟ್ಟಿಮುಟ್ಟ ಇದ್ದವ್ರೂ ವರ್ಷಕ್ಕೊಮ್ಮಿ ನುಂಗಬೇಕು. ನನ್ನ ಮುಂದನ ನುಂಗಬೇಕು, ಹಂಗ ನಮಗ ಆರ್ಡರ್ ಅದ.”

ಇವಳು ಹೋಗುವವಳಲ್ಲ ಎಂದು ಗೊಲ್ಲಾಳಮ್ಮನಿಗೆ ಖಾತ್ರಿಯಾಯಿತು. ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡಳು. ಎಡಗೆನ್ನೆಯೊಳಗೆ ತಳ್ಳಿ, ಬಲಗಡೆಯಿಂದ ನೀರು ಕುಡಿದು, ಗಂಟಲನ್ನು ಜೋರಾಗಿ ಆಡಿಸಿದಳು. ಕುಬ್ರಾಬೇಗಂ ಅವಳ ಬೆರಳಿಗೆ ಗುರುತು ಹಾಕಿದಳು. ಆಮೇಲೆ ಹೊರಡಬೇಕಾದವಳು ಕಟ್ಟೆಯ ಮೇಲೆ ಆರಾಮಾಗಿ ಕೂತಳು.

“ಮತ್ತೇನಕ್ಕಾ, ಈ ಸಲ ಜೋಳ ಹೆಂಗ್ ಅದಾವ?”

“ಹ್ಞೂಂ.”

“ರೊಟ್ಟಿ ವ್ಯಾಪಾರ?”

“ಹ್ಞೂಂ ಹ್ಞೂಂ.”

ಗುಳಿಗೆ ಕರಗತೊಡಗಿತು. ಬೇವಿನ ಕಷಾಯವೇ ಇದಕ್ಕಿಂತ ಸಿಹಿ ಎನ್ನುವಂತಹ ಕಹಿ. ಗೊಲ್ಲಾಳಮ್ಮನ ಕಣ್ಣಲ್ಲಿ ನೀರಾಡಿತು. ಕುಬ್ರಾಬೇಗಂ ಮಾತ್ರ ಮಳೆ, ಬಿಸಿಲು, ಸುರಪುರದ ಬಸ್ಸು ಎಂದು ಒಂದರ ಹಿಂದೆ ಒಂದು ಕೇಳುತ್ತಲೇ ಇದ್ದಳು.

ಆಗಲೇ ಪಕ್ಕದ ಮನೆಯ ದುರ್ಗಾ ಪೇಡೆಯ ಡಬ್ಬಿ ಹಿಡಿದು ಓಡುತ್ತ ಬಂದಳು.

“ಯಕ್ಕಾ! ಸುರಪುರದಾಗ ನನ್ನ ಮಗಳು ಹಡದಾಳ! ಹೆಣ್ಣ ಕೂಸು! ಬಾಯಿ ತೆರಿ, ಮೊದಲ ಪೇಡೆ ನಿನಗ!”

ಗೊಲ್ಲಾಳಮ್ಮ ತುಟಿ ಬಿಗಿಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದಳು. ದುರ್ಗಾ ಪೇಡೆಯನ್ನು ತುಟಿಯವರೆಗೆ ಒಯ್ದಳು. ಗೊಲ್ಲಾಳಮ್ಮ ಮುಖವನ್ನೇ ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ದುರ್ಗಾಳ ಮುಖ ಬಾಡಿತು. “ಹೆಣ್ಣ ಕೂಸಂದಿದ್ದಕ್ಕ ಹಿಂಗ ಮಾಡ್ತೀಯಾ? ಗಂಡಾಗಿದ್ರ ಡಬ್ಬಿನೇ ಕಸಗೋತಿದ್ದಿ! ನಿನ್ನ ಮನಸ್ಸಿಂಥಾದ್ದಂತ ಇವತ್ತ್ ಗೊತ್ತಾತು ನೋಡು.”

ಡಬ್ಬಿಯ ಮುಚ್ಚಳ ಟಪ್ಪನೆ ಹಾಕಿ ಹೊರಟೇಹೋದಳು. ಗೊಲ್ಲಾಳಮ್ಮ ಮೋರಿಗೆ ಓಡಿ, ಗುಳಿಗೆಯನ್ನು ಥೂ ಥೂ ಎಂದು ಉಗುಳಿ, “ಅಲ್ಲಲೇ ದುರ್ಗಾ, ನಾ ಹಂಗಲ್ಲ!” ಎಂದು ಕೂಗುವಷ್ಟರಲ್ಲಿ ಆ ಮನೆಯ ಬಾಗಿಲು ಹಾಕಿತ್ತು.

ತಿರುಗಿ ನೋಡಿದರೆ ಕುಬ್ರಾಬೇಗಂ ನಗುತ್ತಿದ್ದಳು.

“ನಗಬ್ಯಾಡ! ಬಾಯಾಗ ಗುಳಗಿ ಇತ್ತು, ಹೆಂಗ್ ಮಾತಾಡ್ಲಿ? ಒಂದ್ ಮಾತ್ ಕೇಳಲಾರದ ನನ್ನ ಮನಸ್ಸಿಗೇ ಹೆಸರಿಡೋದೇನು?”

“ಖರೇ ಅದಕ್ಕ. ಹೋದ ವಾರ ನೀ ಚಹಾಕ್ಕ ಕರದಾಗ ನನ್ನ ಬಾಯಾಗೂ ಹತ್ತಿ ಇತ್ತು. ಹಲ್ಲ್ ಕೀಳಿಸ್ಕೊಂಡು ಶಹಾಪುರದಿಂದ ಆಗಷ್ಟೇ ಬಂದಿದ್ದೆ. ನನಗ ಸೊಕ್ಕು ಬಂದಾದಂತ ಗಿರಣಿ ತನಕ ಸುದ್ದಿ ಆಗ್ಯಾದಂತಲ್ಲ?”

ಗೊಲ್ಲಾಳಮ್ಮನ ಬಾಯಲ್ಲಿ ಈಗ ಗುಳಿಗೆ ಇರಲಿಲ್ಲ. ಆದರೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಮಗ ಯಾದಗಿರಿಯಾಗ ತರಬೇತಿ ಇತ್ತು. ಅಲ್ಲಿ ಮನಶ್ಶಾಸ್ತ್ರದ ಮಾಸ್ತರೊಬ್ಬರು ಹೇಳಿದ್ರು” ಎಂದಳು ಕುಬ್ರಾಬೇಗಂ, ನಗು ನಿಲ್ಲಿಸಿ. “ನಾವು ತಪ್ಪಿದ್ರ ಹೊತ್ತು ಸರಿ ಇರಲಿಲ್ಲ, ತಬ್ಯತ್ ಸರಿ ಇರಲಿಲ್ಲ ಅಂತ ಕಾರಣ ಹುಡಕ್ತೀವಂತ. ಬ್ಯಾರೇದವ್ರು ತಪ್ಪಿದ್ರ ಅವರ ಗುಣಾನೇ ಕೆಟ್ಟದ್ದು ಅಂತೀವಂತ. ನಿನಗ ನನ್ನ ಬಾಯಾಗಿನ ಹತ್ತಿ ಕಾಣಲಿಲ್ಲ, ದುರ್ಗಾಗ ನಿನ್ನ ಬಾಯಾಗಿನ ಗುಳಗಿ ಕಾಣಲಿಲ್ಲ. ಅಷ್ಟೇ.”

ಅಷ್ಟರಲ್ಲಿ ಸೂಗಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡು ಊಟಕ್ಕೆ ಬಂದ. ಕುಬ್ರಾಬೇಗಂ ಅವನನ್ನೂ ಬಿಡಲಿಲ್ಲ.

“ಸೂಗಪ್ಪಣ್ಣ, ಹೋದ ವರ್ಷ ಗುಳಗಿ ನುಂಗಿದ ದಿನ ಏನ್ ಉಂಡಿದ್ರಿ?”

“ಏನೂ ಉಂಡಿದ್ದಿಲ್ರಿ. ಸೋಮವಾರ ಉಪಾಸಿತ್ತು.”

“ಖಾಲಿ ಹೊಟ್ಟಿಲೆ ನುಂಗಬ್ಯಾಡ್ರಿ ಅಂತ ಹೇಳಿದ್ದೆ.”

“ಹೌದ್ ಹೌದ್, ಹೇಳಿದ್ರಿ.” ಸೂಗಪ್ಪ ಹೆಂಡತಿಯ ಮುಖ ನೋಡಿದ. “ಆಮ್ಯಾಲ ಹೊಟ್ಟಿ ತಡೀಲಿಲ್ಲ. ಮನ್ಸೂರಅಲಿ ಹೋಟೆಲಿನ್ಯಾಗ ಏಳು ಮಿರ್ಚಿ ಭಜಿ ತಿಂದೆ.”

“ಏಳ?” ಗೊಲ್ಲಾಳಮ್ಮನ ದನಿ ಓಣಿಗೆ ಕೇಳಿಸಿತು. “ಉಪಾಸದ ದಿನ? ನಾ ವರ್ಷ ಪೂರ್ತಿ ಗುಳಗಿಗಿ ಬೈದೀನಿ!”

“ನೀ ಕೇಳಲಿಲ್ಲ, ನಾ ಹೇಳಲಿಲ್ಲ.”

ಇಷ್ಟಾದರೂ ಗೊಲ್ಲಾಳಮ್ಮ ಗುಳಿಗೆಗೆ ಕೈಚಾಚಲಿಲ್ಲ. “ನೀ ಹೇಳೋದು ಬರೋಬ್ಬರಿ ಅದ. ಆದ್ರ ಓಣಿಯೆಲ್ಲಾ ಒಂದ್ ಕಡಿ, ನಾ ಒಬ್ಬಾಕಿ ಒಂದ್ ಕಡಿ ಆದ್ರ? ವರ್ಷ ಪೂರ್ತಿ ಬ್ಯಾಡ ಬ್ಯಾಡ ಅಂದಾಕಿ ನಾನೇ. ಈಗ ನುಂಗಿದ್ರ ಹೆಂಗಸ್ರು ನಗಂಗಿಲ್ಲೇನು?”

“ನಾಳೆ ಮಧ್ಯಾಹ್ನ ಹೆಂಗಸ್ರ ಸಂಘದ ಸಭಿ ಅದಲ್ಲ? ಊಟ ಮಾಡ್ಕೊಂಡು ಬಾ” ಎಂದಷ್ಟೇ ಹೇಳಿ ಕುಬ್ರಾಬೇಗಂ ಎದ್ದಳು.

ಮರುದಿನ ಸಮುದಾಯ ಭವನದಲ್ಲಿ ಇಪ್ಪತ್ನಾಲ್ಕು ಹೆಂಗಸರು ಸೇರಿದರು. ದುರ್ಗಾ ಗೊಲ್ಲಾಳಮ್ಮನಿಗೆ ಬೆನ್ನು ಮಾಡಿ ಕೂತಿದ್ದಳು. ಪೇಡೆಯ ಕಥೆ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಹೋಗುತ್ತ ಹೋಗುತ್ತ ಅದು ಬೆಳೆದು, ಗೊಲ್ಲಾಳಮ್ಮ ಪೇಡೆಯ ಡಬ್ಬಿಯನ್ನೇ ಎಸೆದಳೆಂದು ಆಗಿತ್ತು. ಯಾರೂ ಅವಳ ಪಕ್ಕ ಕೂರಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳ ಮೇಲೆಯೇ ತೀರ್ಪು ಬಂದಿತ್ತು. ಅದು ಆ ಗುಳಿಗೆಗಿಂತಲೂ ಕಹಿಯಾಗಿತ್ತು.

“ಆನೆಕಾಲು ಗುಳಗಿ ಯಾರ್ಯಾರು ನುಂಗ್ತೀರಿ? ಕೈ ಎತ್ತರಿ” ಎಂದಳು ಕುಬ್ರಾಬೇಗಂ.

ಎಲ್ಲರೂ ಎಲ್ಲರ ಕಡೆ ನೋಡಿದರು. ಒಂದು ಕೈ ಅರ್ಧಕ್ಕೆ ಎದ್ದು, ಪಕ್ಕದವಳನ್ನು ನೋಡಿ, ಸೆರಗು ಸರಿಪಡಿಸಿಕೊಂಡು ಇಳಿಯಿತು. ಇನ್ನೊಂದು ಕೈ ತಲೆ ಕೆರೆದುಕೊಂಡಿತು. ಕೊನೆಗೆ ಒಂದೂ ನಿಲ್ಲಲಿಲ್ಲ.

“ಆತು” ಎಂದು ಕುಬ್ರಾಬೇಗಂ ಮೂಲೆಯಲ್ಲಿ ಒಂದು ಗಡಿಗೆ ಇಟ್ಟು, ಬಾಯಿಗೆ ಬಟ್ಟೆ ಮುಚ್ಚಿದಳು. ಪ್ರತಿಯೊಬ್ಬರ ಕೈಗೂ ಒಂದು ಜೋಳದ ಕಾಳು, ಒಂದು ತೊಗರಿ ಕಾಳು ಕೊಟ್ಟಳು. “ಯಾರಿಗೂ ತೋರಿಸಬ್ಯಾಡ್ರಿ. ನುಂಗೋ ಮನಸ್ಸಿದ್ರ ಜೋಳ ಹಾಕ್ರಿ, ಇಲ್ಲಂದ್ರ ತೊಗರಿ.”

ಒಬ್ಬೊಬ್ಬರೇ ಹೋಗಿ ಹಾಕಿ ಬಂದರು. ಗೊಲ್ಲಾಳಮ್ಮ ಗಡಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ಗಡಿಗೆಯನ್ನು ಚಾಪೆಯ ಮೇಲೆ ಸುರುವಿದಾಗ ಹತ್ತೊಂಬತ್ತು ಜೋಳ, ಐದು ತೊಗರಿ ಬಿದ್ದವು.

ಎಲ್ಲರೂ ಒಮ್ಮೆಲೇ ಮಾತಾಡಿದರು.

“ಯವ್ವಾ, ನೀನೂ ಜೋಳಾನ? ನೀ ಒಲ್ಲೆ ಅಂತಿ ಅಂತ ನಾ ಸುಮ್ಮಿದ್ದೆ!”

“ನಾನು ನಿನ್ನ ನೋಡಿ ಕೈ ಇಳಿಸ್ದೆ!”

“ನಾ ಗೊಲ್ಲಾಳಕ್ಕನ ಬಾಯಿಗಿ ಅಂಜಿ ಸುಮ್ಮಿದ್ದೆ” ಎಂದಳೊಬ್ಬಳು ಹಿಂದಿನಿಂದ.

“ನಾ ನಿಮ್ಮೆಲ್ಲರಿಗಿ ಅಂಜಿದ್ದೆನಲ್ಲ!” ಎಂದು ಗೊಲ್ಲಾಳಮ್ಮ ಎದ್ದೇ ನಿಂತಳು. “ಅಂದ್ರ ಈ ಓಣ್ಯಾಗ ಒಬ್ರಿಗೊಬ್ರು ಅಂಜಿ, ಯಾರಿಗೂ ಬ್ಯಾಡಾಗಿದ್ದ ಹಟ ಹಿಡ್ಕೊಂಡ್ ಕುಂತಿದ್ದೆವೇನು?”

ಭವನ ನಗುವಿನಿಂದ ತುಂಬಿತು. ನಗು ನಿಂತ ಮೇಲೂ ಅವಳು ಕೂರಲಿಲ್ಲ. ದುರ್ಗಾಳ ಕಡೆಗೆ ತಿರುಗಿದಳು.

“ದುರ್ಗಾ, ನಿನ್ನೆ ನನ್ನ ಬಾಯಾಗ ಕದ್ದಿಟ್ಟ ಗುಳಗಿ ಇತ್ತವ್ವಾ. ಅದಕ್ಕ ಬಾಯಿ ತೆರೀಲಿಲ್ಲ. ಕೂಸು ಹೆಣ್ಣಂತ ಕೇಳಿ ನನ್ನ ಹೊಟ್ಟಿ ತಣ್ಣಗಾಗಿತ್ತು. ತಪ್ಪಾತು.”

ದುರ್ಗಾ ತಿರುಗಿ ಅವಳ ಕಡೆಗೆ ಮುಖ ಮಾಡಿದಳು. “ಪೇಡೆ ಖಾಲಿ ಆಗ್ಯಾವ. ಓಣಿ ಮಂದಿಗೆಲ್ಲಾ ಹಂಚೀನಿ. ನಿನ್ನ ಪಾಲಿಂದ ನಾನೇ ತಿಂದೆ, ಸಿಟ್ಟಿಗಿ.”

ಕುಬ್ರಾಬೇಗಂ ಗುಳಿಗೆಯ ಡಬ್ಬಿ ತೆರೆದಳು. ಎಲ್ಲರದೂ ಊಟ ಆಗಿದೆಯೇ ಎಂದು ಕೇಳಿದಳು. ಬಸುರಿಯರು, ಬಹಳ ಜಡ್ಡಾದವರು, ಎರಡು ವರ್ಷದೊಳಗಿನ ಕೂಸುಗಳು ನುಂಗಬಾರದು ಎಂದು ಇನ್ನೊಮ್ಮೆ ತಿಳಿಸಿದಳು. ಮೊದಲು ಬಂದವಳು ಗೊಲ್ಲಾಳಮ್ಮ. ಈ ಸಲ ನಿಜವಾಗಿಯೇ ನುಂಗಿ, ಬಾಯಿ ಅಗಲಿಸಿ, ನಾಲಗೆ ಎತ್ತಿ, ಎರಡೂ ಕೆನ್ನೆಗಳ ಒಳಗನ್ನು ಇಪ್ಪತ್ಮೂರು ಮಂದಿಗೂ ತೋರಿಸಿದಳು.

ಆ ದಿನ ಸಂಜೆ ಸೂಗಪ್ಪನೂ ಎರಡು ರೊಟ್ಟಿ ಉಂಡು ನುಂಗಿದ. ಮರುದಿನ ಬೆಳಿಗ್ಗೆ ಅವನಿಗೆ ತಲೆನೋವು, ಸಣ್ಣಗೆ ಜ್ವರ. ಗೊಲ್ಲಾಳಮ್ಮನ ಬಾಯಿಗೆ ತೀರ್ಪು ಬಂದೇಬಿಟ್ಟಿತ್ತು. ಆದರೆ ಅವಳು ಅದನ್ನು ನುಂಗಿಕೊಂಡು ಕುಬ್ರಾಬೇಗಂಗೆ ಫೋನ್ ಮಾಡಿದಳು.

“ಅಂಜಬ್ಯಾಡಕ್ಕ. ರಕ್ತದಾಗ ಹುಳ ಇದ್ದವರಿಗಿ ಅವು ಸಾಯೋ ಮುಂದ ಒಮ್ಮೊಮ್ಮಿ ಹಿಂಗ್ ಆಗ್ತಾದ. ದವಾಖಾನಿಗಿ ಕರ್ಕೊಂಡ್ ಬಾ, ನೋಡ್ಸೋಣು.”

ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಕಾಲು ಬಾತಿರದ, ಚೀಲಗಟ್ಟಲೆ ಜೋಳ ಹೊರುವ ಸೂಗಪ್ಪನ ಮೈಯಲ್ಲಿ ಆನೆಕಾಲಿನ ಹುಳು ಸೇರಿತ್ತು. ಸಮಯಕ್ಕೆ ಗೊತ್ತಾಯಿತು ಎಂದು ಡಾಕ್ಟರು ಮುಂದಿನ ಔಷಧಿ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ಗೊಲ್ಲಾಳಮ್ಮ ಗಂಡನ ಎರಡೂ ಪಾದಗಳನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಊರು ಬಂದಾಗ ಸೂಗಪ್ಪನೇ ಅವಳ ಕೈ ಹಿಡಿದು ಇಳಿಸಬೇಕಾಯಿತು.

ಮರುದಿನ ಅವಳು ಕುಬ್ರಾಬೇಗಂ ಜೊತೆಗೆ ಉಳಿದ ಮನೆಗಳಿಗೆ ಹೊರಟಳು. ಯಾರನ್ನೂ ಬೈಯಲಿಲ್ಲ. “ಯಾಕವ್ವಾ ನುಂಗಲಿಲ್ಲ?” ಎಂದು ಕೇಳಿ, ಉತ್ತರ ಬರುವವರೆಗೆ ಕಾದಳು. ಒಬ್ಬಳಿಗೆ ಮೂರು ತಿಂಗಳು, ಇನ್ನೂ ಯಾರಿಗೂ ಹೇಳಿರಲಿಲ್ಲ. ಆಕೆ ಬೇಡ ಎಂದದ್ದೇ ಸರಿಯಾಗಿತ್ತು. ಒಬ್ಬಳಿಗೆ ಅತ್ತೆಯ ಅಂಜಿಕೆ. ಅತ್ತೆಯನ್ನು ಕೇಳಿದರೆ ಅವಳಿಗೆ ಸೊಸೆಯ ಅಂಜಿಕೆ. ಇಬ್ಬರೂ ಒಂದೇ ತಂಬಿಗೆಯ ನೀರಿನಲ್ಲಿ ನುಂಗಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಗೂ ಗುಳಿಗೆಯ ದಿನ ಬರುತ್ತದೆ. ಅವತ್ತು “ಯಾರೂ ನುಂಗಂಗಿಲ್ಲ” ಎನ್ನುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಿ. ಯಾರಾದರೂ ಮುಖ ತಿರುಗಿಸಿದರೆ ಅವರ ಗುಣಕ್ಕೆ ಹೆಸರಿಡುವ ಮೊದಲು ಏನಾಗಿದೆ ಎಂದು ವಿಚಾರಿಸಿ. ಗುಂಪಿನಲ್ಲಿ ಮೊದಲ ಕೈ ಎತ್ತಲು ಎಲ್ಲರೂ ಇನ್ನೊಬ್ಬರ ದಾರಿ ಕಾಯುತ್ತಿರುತ್ತಾರೆ, ಆ ಕೈ ನಿಮ್ಮದಾಗಲಿ. ಹೊಟ್ಟೆ ತುಂಬ ಉಣ್ಣಿರಿ, ಆಶಾ ಕಾರ್ಯಕರ್ತೆಯ ಮುಂದೆ ನುಂಗಿರಿ, ಮನೆಯವರಿಗೂ ನುಂಗಿಸಿರಿ. ದಯವಿಟ್ಟು ಕೆನ್ನೆಯಲ್ಲಿ ಇಟ್ಟುಕೊಳ್ಳಬೇಡಿ, ಬಹಳ ಕಹಿ ಇರುತ್ತದೆ.